ಹಕ್ಕೂ ಭಯವೂ

ತಂದೆಯು ಬಿಟ್ಟುಹೋದ ಐಶ್ವರ್ಯಕ್ಕೆ ಇಬ್ಬರು ಮಕ್ಕಳು ಕೈನೀಡಿದಾಗ ಒಬ್ಬರದು ನ್ಯಾಯ, ಮತ್ತೊಬ್ಬರದು ಅನ್ಯಾಯ ಎಂದು ತೀರ್ಮಾನಿಸಿ ಸುಮ್ಮನಾಗುವುದು ಲೋಕದ ರೂಢಿ. ಆದರೆ ಇಬ್ಬರ ಪಕ್ಷದಲ್ಲಿಯೂ ನ್ಯಾಯದ ಮಾತು ಉಂಟೆಂದಾದರೆ ಏನು ಮಾಡತಕ್ಕದ್ದು? ನಿಜವಾದ ಹಕ್ಕುಳ್ಳವರೂ ಅದನ್ನು ಪಡೆಯುವುದಕ್ಕಾಗಿ ಎಲ್ಲಿಯವರೆಗೆ ಹೋಗಬಹುದು? ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಅವರು 2018ರಲ್ಲಿ ಪ್ರಕಟಿಸಿದ ‘ಫೈರ್ ಅಂಡ್ ಬ್ಲಡ್’ ಎಂಬ ಗ್ರಂಥದಲ್ಲಿ ಈ ಪ್ರಶ್ನೆಗೆ ಒದಗಿಬರುವ ಯುದ್ಧವೊಂದರ ವೃತ್ತಾಂತವಿದೆ. 2022ರಿಂದ ಅದು ದೂರದರ್ಶನದ ಸರಣಿಯಾಗಿಯೂ ಲೋಕಪ್ರಸಿದ್ಧವಾಗಿದೆ.

ಕಲ್ಪಿತ ಕಥೆಯಿಂದ ಧರ್ಮವಿಚಾರವೇ ಎಂದು ಕೆಲವರು ಆಕ್ಷೇಪಿಸಬಹುದು. ಕಥೆ ಕಲ್ಪಿತವಾದರೂ ಅದರ ಬೇರು ಚರಿತ್ರೆಯಲ್ಲಿದೆ. ಇಂಗ್ಲೆಂಡಿನ ಒಂದನೆಯ ಹೆನ್ರಿಯು, 1120ರಲ್ಲಿ ಮಗನು ಹಡಗು ಮುಳುಗಿ ಮಡಿದ ತರುವಾಯ, ಮಗಳಾದ ಮಟಿಲ್ಡಾಳನ್ನೇ ಉತ್ತರಾಧಿಕಾರಿಣಿಯೆಂದು ಒಪ್ಪುವಂತೆ ತನ್ನ ಸಾಮಂತರಿಂದ ಪ್ರಮಾಣ ಮಾಡಿಸಿದನು. 1135ರಲ್ಲಿ ಅವನು ಸಾಯುತ್ತಲೇ ಸೋದರಳಿಯ ಸ್ಟೀಫನ್ನನು ಕಿರೀಟವನ್ನು ಧರಿಸಿದನು. ಪ್ರಮಾಣ ಮಾಡಿದವರಲ್ಲಿ ಅವನೂ ಒಬ್ಬ! ಆ ಕಲಹವು 1153ರವರೆಗೆ ನಾಡನ್ನು ಸುಟ್ಟಿತು.

ಮಾರ್ಟಿನ್ನರ ಕಥೆಯಲ್ಲಿ ವೆಸ್ಟೆರೋಸ್ ಎಂಬ ರಾಜ್ಯವನ್ನು ಆಳುವವರು ಡ್ರ್ಯಾಗನ್ನುಗಳನ್ನು, ಎಂದರೆ ಬೆಂಕಿಯುಗುಳುವ ರೆಕ್ಕೆಯ ಮಹಾಸರ್ಪಗಳನ್ನು, ಏರಿ ಯುದ್ಧಮಾಡುವ ಮನೆತನದವರು. ಆ ಲೋಕದ ಶಕೆಯ 101ನೆಯ ವರ್ಷದಲ್ಲಿ ಸೇರಿದ ಸಾಮಂತರ ಮಹಾಸಭೆಯು, ಹೆಣ್ಣಿನ ಮೂಲಕ ಬಂದ ಹಕ್ಕನ್ನು ಬದಿಗೊತ್ತಿ, ವಿಸೆರಿಸ್ ಎಂಬವನನ್ನು ಉತ್ತರಾಧಿಕಾರಿಯನ್ನಾಗಿ ಆರಿಸಿತು. ಇದೇ ವಿಸೆರಿಸನು ಅರಸನಾದ ಮೇಲೆ, 105ರಲ್ಲಿ, ಎಂಟು ವರ್ಷದ ಮಗಳು ರೆನೀರಾಳಿಗೆ ಪಟ್ಟವೆಂದು ಸಾರಿ, ನೂರಾರು ಸಾಮಂತರಿಂದ ಪ್ರಮಾಣ ಸ್ವೀಕರಿಸಿದನು. ಮರುವರ್ಷ ಅಲಿಸೆಂಟಳನ್ನು ಮದುವೆಯಾದನು. ಅವಳಲ್ಲಿ ಏಗಾನನೇ ಮೊದಲಾದ ಗಂಡುಮಕ್ಕಳು ಹುಟ್ಟಿದರು. ಮಗಳ ಪಕ್ಷಕ್ಕೆ ಪ್ರಮಾಣದ ಬಲ. ಮಗನ ಪಕ್ಷಕ್ಕೆ ಮಹಾಸಭೆಯ ನಿರ್ಣಯದ ಬಲ. ಯಾವ ಕಟ್ಟಳೆಯಿಂದ ತಾನು ಸಿಂಹಾಸನವನ್ನೇರಿದನೋ ಆ ಕಟ್ಟಳೆಯನ್ನೇ ಅರಸನು ಮಗಳಿಗಾಗಿ ಮುರಿದಿದ್ದನು. ಮುರಿದುದು ತಪ್ಪೆಂದು ಹೇಳಲಾಗದು. ಆದರೆ ಆಡಿದ ಮಾತು ತಾನಿಲ್ಲದ ಮೇಲೆಯೂ ನಿಲ್ಲುವಂತೆ ಮಾಡುವ ಯತ್ನ ಅವನಿಂದ ಸಾಲದಾಯಿತು. ಇಪ್ಪತ್ತನಾಲ್ಕು ವರ್ಷ ಆ ಮಾತನ್ನು ಹಿಡಿದೇ ಇದ್ದನು. ಮನೆಯೊಳಗೆ ಎರಡು ಪಕ್ಷಗಳು ಬೆಳೆಯುತ್ತಿದ್ದುದನ್ನು ಕಂಡೂ ಕಾಣದಂತಿದ್ದನು.

129ರಲ್ಲಿ ಅವನು ತೀರಿಕೊಂಡಾಗ ರಾಣಿಯೂ ಮಂತ್ರಿಗಳೂ ಸಾವನ್ನು ಮರೆಮಾಡಿ ಏಗಾನನಿಗೆ ಪಟ್ಟಗಟ್ಟಲು ನಿಶ್ಚಯಿಸಿದರು. ಕೊಟ್ಟ ಮಾತನ್ನು ನೆನಪಿಸಿದ ವೃದ್ಧ ಕೋಶಾಧಿಕಾರಿ ಬೀಸ್‌ಬರಿಯೇ ಈ ಯುದ್ಧದ ಮೊದಲ ಬಲಿ. ಏಗಾನನಾದರೂ ಮೊದಲು ಒಪ್ಪಲಿಲ್ಲವೆಂದೂ, ಅಕ್ಕನ ಪಾಲನ್ನು ಕಸಿಯಲು ಹಿಂಜರಿದನೆಂದೂ ಒಂದು ಪಾಠವಿದೆ. ಅವನ ಮನಸ್ಸನ್ನು ತಿರುಗಿಸಿದ್ದು ರಾಜ್ಯದ ಆಶೆಯಲ್ಲ. ಅಕ್ಕನು ರಾಣಿಯಾದರೆ ನಿನ್ನ ಮಕ್ಕಳನ್ನು ಉಳಿಸಳು ಎಂಬ ಸೇನಾನಿಯೊಬ್ಬನ ಮಾತು. ಇತ್ತ ರೆನೀರಾಳಿಗೂ ತನ್ನ ಮಕ್ಕಳ ಚಿಂತೆ ಇಲ್ಲದಿರಲಿಲ್ಲ. ಸುದ್ದಿ ಮುಟ್ಟಿದ ಆಘಾತದಲ್ಲಿ ಆಕೆ ದಿನ ತುಂಬುವ ಮೊದಲೇ ಹೆತ್ತ ಹೆಣ್ಣುಕೂಸು ಉಳಿಯಲಿಲ್ಲ. ಸಂಧಾನದ ಮಾತೂ ನಡೆಯದೆ ಇರಲಿಲ್ಲ. ಶರಣಾದರೆ ಜೀವದಾನವೆಂದು ಇವನು ಹೇಳಿಕಳುಹಿಸಿದನು, ಅವಳೂ ಹೇಳಿಕಳುಹಿಸಿದಳು. ಒಬ್ಬರ ಮಾತನ್ನು ಒಬ್ಬರು ನಂಬಲಿಲ್ಲ. ಮುರಿದ ಪ್ರಮಾಣದ ಮೇಲೆ ಕುಳಿತವನ ಹೊಸ ಪ್ರಮಾಣವನ್ನು ನಂಬುವವರಾದರೂ ಯಾರು?

ಬೊರೋಸ್ ಎಂಬ ಸಾಮಂತನ ನಡತೆಯೂ ವಿಚಾರಣೀಯವಾಗಿದೆ. ರೆನೀರಾಳಿಗೆ ಪ್ರಮಾಣ ಮಾಡಿದ್ದವನು ಅವನ ತಂದೆ. ಆಕೆಯ ಮಗ ಲ್ಯೂಸೆರಿಸನು ದೂತನಾಗಿ ಬಂದು ಅದನ್ನು ಜ್ಞಾಪಿಸಿದಾಗ, ನನ್ನ ಹೆಣ್ಣುಮಕ್ಕಳಲ್ಲಿ ಯಾರನ್ನು ಮದುವೆಯಾಗುವೆ ಎಂದು ಬೊರೋಸನು ಕೇಳಿದನು. ತಂದೆಯ ಮಾತು ಮಗನ ಕೈಯಲ್ಲಿ ವ್ಯಾಪಾರದ ಸರಕಾಯಿತು! ಏಗಾನನ ತಮ್ಮ ಏಮಂಡನು ಆ ವ್ಯಾಪಾರವನ್ನು ಮೊದಲೇ ಮುಗಿಸಿದ್ದನು. ಬರಿಗೈಯಲ್ಲಿ ಹಿಂದಿರುಗುತ್ತಿದ್ದ ದೂತನನ್ನು ಅವನು ಆಕಾಶಮಾರ್ಗದಲ್ಲಿ ಬೆನ್ನಟ್ಟಿ ಕೊಂದನು. ಅದಕ್ಕೆ ಪ್ರತಿಯಾಗಿ ರೆನೀರಾಳ ಗಂಡನು ಕಳುಹಿಸಿದ ಕೊಲೆಗಡುಕರು ಅರಮನೆಯನ್ನು ಹೊಕ್ಕು ಏಗಾನನ ಆರು ವರ್ಷದ ಮಗನನ್ನು ತಾಯಿಯ ಕಣ್ಣೆದುರಿನಲ್ಲಿಯೇ ಕೊಂದರು. ಮಗನಿಗೆ ಬದಲು ಮಗನೆಂಬ ಲೆಕ್ಕ.

ಹಾಗಾದರೆ ರೆನೀರಾಳು ತನ್ನ ಹಕ್ಕನ್ನು ಬಿಟ್ಟುಕೊಟ್ಟು ಕುಳಿತಿರಬೇಕಾಗಿತ್ತೇ ಎಂದು ಕೇಳುವವರುಂಟು. ಪ್ರಶ್ನೆ ಸಾಧುವಾದುದೇ. ಅನ್ಯಾಯಕ್ಕೆ ತಲೆಬಾಗುವುದೂ ಒಮ್ಮೊಮ್ಮೆ ಅನ್ಯಾಯಕ್ಕೆ ಬೆಂಬಲವಾಗುತ್ತದೆ. ಪ್ರಮಾಣ ಮುರಿದವರು ದೋಷಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಿಂಹಾಸನವು ಆಕೆಯದೆಂದು ಸಿದ್ಧವಾದರೆ ಸಿಂಹಾಸನ ಮಾತ್ರ ಆಕೆಯದೆಂದಾಯಿತು. ಆರು ವರ್ಷದ ಕೂಸಿನ ಪ್ರಾಣವು ಆ ಪಿತ್ರಾರ್ಜಿತದಲ್ಲಿ ಸೇರಿರಲಿಲ್ಲ. ಏಗಾನನ ಪಕ್ಷದ ಸೇನೆಯು ಸೂರೆಮಾಡಿ ಸುಟ್ಟ ಟಂಬಲ್‌ಟನ್ ಎಂಬ ಸಂತೆಯ ಊರೂ ಮಹಾಸಭೆಯ ನಿರ್ಣಯದಲ್ಲಿ ಸೇರಿರಲಿಲ್ಲ. ಹಕ್ಕಿಗೆ ಎಲ್ಲೆಯುಂಟು. ಭಯಕ್ಕೆ ಎಲ್ಲೆಯಿಲ್ಲ, ಅದು ಹಕ್ಕಿನ ಹೆಸರನ್ನು ಹೇಳಿಕೊಂಡು ಹಕ್ಕಿನ ಎಲ್ಲೆಯನ್ನು ದಾಟುತ್ತದೆ. ದಾಟುವವರು ಅದನ್ನು ಮಕ್ಕಳ ಮೇಲಿನ ಮಮತೆಯೆಂದೇ ತಿಳಿದಿರುತ್ತಾರೆ. ಪಾಲಿನ ವ್ಯಾಜ್ಯವನ್ನು ಹೂಡಿದ ಗೃಹಸ್ಥರನ್ನು ಕೇಳಿದರೂ ತಮಗಾಗಿ ಎಂದು ಹೇಳುವವರು ವಿರಳ.

ರಾಜಧಾನಿಯು ಕೊನೆಗೆ ರೆನೀರಾಳ ವಶವಾಯಿತು. ಆದರೆ ಬೊಕ್ಕಸ ಬರಿದಾಗಿತ್ತು. ಅದರ ಹೆಚ್ಚಿನ ಭಾಗವನ್ನು ಎದುರಾಳಿಗಳು ಮೊದಲೇ ದೂರಕ್ಕೆ ಸಾಗಿಸಿದ್ದರು. ಯುದ್ಧದ ವೆಚ್ಚಕ್ಕಾಗಿ ವಿಧಿಸಿದ ಭಾರಿ ಕಂದಾಯಗಳಿಂದ ನೊಂದ ಜನರು ದಂಗೆಯೆದ್ದು, ಡ್ರ್ಯಾಗನ್ನುಗಳ ಲಾಯಕ್ಕೇ ನುಗ್ಗಿ ಅವನ್ನು ಕೊಂದರು. ತಾವೂ ಸಾವಿರಗಟ್ಟಲೆ ಸತ್ತರು. ತೆರಿಗೆ ಕೊಡುವವನಿಗೆ ಇಬ್ಬರಲ್ಲಿ ಯಾರ ಹಕ್ಕು ದೊಡ್ಡದೆಂಬುದು ತಿಳಿಯಬೇಕಾದ ವಿಷಯವೇ ಆಗಿರಲಿಲ್ಲ. ಓಡಿಹೋದ ರೆನೀರಾಳನ್ನು 130ರಲ್ಲಿ ಏಗಾನನು ಹಿಡಿದು ತನ್ನ ಡ್ರ್ಯಾಗನ್ನಿಗೆ ಆಹಾರವಾಗಿ ಕೊಟ್ಟನು. ಮರುವರ್ಷ ಅವನು ತನ್ನವರಿಂದಲೇ ವಿಷಪ್ರಾಶನವಾಗಿ ಸತ್ತನು. ಅಷ್ಟು ಹೊತ್ತಿಗೆ ಆಕೆಯ ಹಿರಿಯ ಮೂವರು ಗಂಡುಮಕ್ಕಳೂ ಅವನ ಇಬ್ಬರು ಗಂಡುಮಕ್ಕಳೂ ಇರಲಿಲ್ಲ.

ಉಳಿದವರಲ್ಲಿ ಆಕೆಯ ಮಗನಾದ ಮೂರನೆಯ ಏಗಾನನೂ, ಇವನ ಎಳೆಯ ಮಗಳು ಜೆಹೇರಾಳೂ ಇದ್ದರು. ಇಬ್ಬರಿಗೂ ಮದುವೆಮಾಡಿ ಎರಡು ಪಕ್ಷಗಳನ್ನು ಒಂದುಗೂಡಿಸಿ ಹುಡುಗನಿಗೆ ಪಟ್ಟಗಟ್ಟಿದರು. ತಾಯಿಯ ಸಾವನ್ನು ಎದುರಿಗೇ ಕಂಡಿದ್ದ ಆ ಬಾಲಕನು ಡ್ರ್ಯಾಗನ್ನುಗಳನ್ನು ಕಂಡರೆ ಹೇಸುತ್ತಿದ್ದನು. ಅವನ ಆಳ್ವಿಕೆಯಲ್ಲಿಯೇ, 153ರಲ್ಲಿ, ಅವುಗಳಲ್ಲಿ ಕೊನೆಯದು ಸತ್ತಿತು.