ತುಕ್ಕು, ಪುಟ್ಟಿ ಮತ್ತು ಸ್ಟೀರಿಂಗು

ಹಳೆಯ ಕಾರೊಂದನ್ನು ಮನೆಯಲ್ಲೇ ಬಿಚ್ಚಿ, ಜೋಡಿಸಿ, 'ಮೊದಲಿದ್ದ ಸ್ಥಿತಿಗೆ' ತಂದು ಓಡಿಸುವುದು ಒಂದು ಹವ್ಯಾಸ. ಉಳ್ಳವರ ಹವ್ಯಾಸ ಅಂತ ಅದನ್ನು ಪಕ್ಕಕ್ಕೆ ತಳ್ಳಿಬಿಡಬಹುದು. ಕೂಲಿಗೂ ಗತಿಯಿಲ್ಲದವರಿರುವ ನಾಡಿನಲ್ಲಿ ಗುಜರಿ ಗಾಡಿಗೆ ಬಣ್ಣ ಬಳಿಯುವ ಚಟ ಯಾಕೆ ಅಂತ ಒಂದು ಸಾಲಿನಲ್ಲಿ ಬೈದು ಮುಂದೆ ಹೋಗಬಹುದು. ಆದರೆ ಆ ಒಂದು ಮಾತು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ: 'ಮೊದಲಿದ್ದ ಸ್ಥಿತಿ'.

ಈ ಮಾತು ಕೇಳಿದರೆ ನಮ್ಮಂಥವರ ಎದೆ ಒಂದು ಗಳಿಗೆ ಝಲ್ಲೆನ್ನುತ್ತದೆ. ಮೊದಲು ಎಲ್ಲ ಚೆನ್ನಾಗಿತ್ತು ಅನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಚೆನ್ನಾಗಿತ್ತು ಸರಿ, ಯಾರಿಗೆ? ಮೊದಲಿದ್ದ ಸ್ಥಿತಿಯಲ್ಲಿ ನಮ್ಮ ಅಜ್ಜಂದಿರು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಮೊದಲಿದ್ದ ಸ್ಥಿತಿಯಲ್ಲಿ ನಾವು ಈ ಅಕ್ಷರ ಬರೆಯುತ್ತಿರಲಿಲ್ಲ, ನೀವು ಓದುತ್ತಿರಲಿಲ್ಲ. ಹಾಗಾದರೆ ಹಳೆಯದನ್ನು ಉಳಿಸುವ ಕೆಲಸವೇ ನಮಗೆ ಸಲ್ಲದ್ದೆ? ಹಳೆಯದೆಲ್ಲ ಗುಜರಿಗೆ ಹೋಗಬೇಕೆ? ಇಲ್ಲ, ಉಳಿಸುವುದಕ್ಕೂ ಒಂದು ನ್ಯಾಯವಾದ ರೀತಿ ಇದೆಯೆ? ಇದು ಕಾರಿನ ಪ್ರಶ್ನೆ ಮಾತ್ರ ಅಲ್ಲ ಗೆಳೆಯರೆ. ಆದರೂ ಕಾರಿನಿಂದಲೇ ಶುರುಮಾಡೋಣ. ಕಬ್ಬಿಣ ಸುಳ್ಳು ಹೇಳುವುದಿಲ್ಲ.

ನಮ್ಮ ಕೇರಿಯಲ್ಲಿ ಒಬ್ಬ ಮೇಸ್ತ್ರಿ ಇದ್ದಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಂಡವರ ಗ್ಯಾರೇಜಿನಲ್ಲಿ ಕಂಡವರ ಗಾಡಿ ರಿಪೇರಿ ಮಾಡಿದವರು. ಅವರು 1968ರ ಮಾದರಿಯ ಒಂದು ಫಿಯೆಟ್ 1100 ಡಿಲೈಟ್ ಗಾಡಿಯನ್ನು ತೂಕದ ಬೆಲೆಗೆ ಗುಜರಿಯಿಂದ ತಂದು ತಮ್ಮ ಮನೆಯ ಪಕ್ಕ ತಗಡಿನ ಚಪ್ಪರದಡಿ ಇಟ್ಟುಕೊಂಡರು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತ ಕೂತಿದ್ದ ನಾವು ಮೂರ್ನಾಲ್ಕು ಜನ ಸಂಜೆ ಹೊತ್ತು ಅವರಿಗೆ ಪಾನಾ ಎತ್ತಿಕೊಡುವ ಹುಡುಗರಾದೆವು. ಎರಡು ವರ್ಷದ ಕೆಲಸ ಅದು.

ಈ ಗಾಡಿಯ ವಂಶ ಇಟಲಿಯದು, ಹುಟ್ಟು ಮುಂಬಯಿಯ ಕುರ್ಲಾದ್ದು. ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯ ಕೆಲಸಗಾರರು ಜೋಡಿಸಿದ್ದು. 1970ರ ದಶಕದಲ್ಲಿ ಇದೇ ಗಾಡಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡಿ ಓಡಿ, 2023ರ ಅಕ್ಟೋಬರಿನಲ್ಲಿ ಆ ನಗರದ ಬೀದಿಯಿಂದ ಮರೆಯಾಯಿತು. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ನು, ಸ್ಟೀರಿಂಗಿನ ಕೊರಳಲ್ಲೇ ಗೇರಿನ ಕೋಲು, ಹಿಂದಿನ ಚಕ್ರಕ್ಕೆ ಎಳೆತ. ಬಿಚ್ಚಿದರೆ ಅರ್ಥವಾಗುವ ಯಂತ್ರ. ಅಪ್ಪಟ ಹಳ್ಳಿ ಮೇಷ್ಟ್ರ ಹಾಗೆ, ಏನನ್ನೂ ಮುಚ್ಚಿಡುವುದಿಲ್ಲ.

ಒಂದನ್ನು ಮಾತ್ರ ಮುಚ್ಚಿಡುತ್ತದೆ, ತುಕ್ಕನ್ನು. ಲಾರಿಗೆ ಬೇರೆ ಚಾಸಿಸ್ ಇರುತ್ತದೆ, ಮೇಲಿನ ಮೈ ಕೊಳೆತರೂ ಕೆಳಗಿನ ಬೆನ್ನೆಲುಬು ಹೊರುತ್ತದೆ. ಈ ಫಿಯೆಟ್ಟಿಗೆ ಹಾಗಿಲ್ಲ. ಮೈಯ ತಗಡೇ ಬೆನ್ನೆಲುಬು. ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯೊಳಗೆ ಮಳೆನೀರು, ಕೆಸರು ಸೇರಿ ಒಳಗಿನಿಂದ ತಿನ್ನಲು ಶುರುವಾದರೆ ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಬಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ಕಂಡಾಗ ಕೆಲಸ ಮಾಡುವವನ ಮುಂದೆ ಎರಡು ದಾರಿ.

ಒಂದು, ಮೇಲೆ ಮೇಲೆ ಉಜ್ಜಿ, ಪುಟ್ಟಿ ಮೆತ್ತಿ, ನಯ ಮಾಡಿ ಬಣ್ಣ ಹೊಡೆಯೋದು. ಎರಡು ದಿನದ ಕೆಲಸ. ಫೋಟೋದಲ್ಲಿ ಹೊಸ ಮದುವಣಗಿತ್ತಿಯ ಹಾಗೆ ಕಾಣುತ್ತದೆ. ಒಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಿರುತ್ತದೆ. ಒಂದೆರಡು ಮಳೆಗಾಲ ಕಳೆದರೆ ಪುಟ್ಟಿ ಹಪ್ಪಳದಂತೆ ಕಳಚಿ ಬೀಳುತ್ತದೆ. ಇನ್ನೊಂದು, ಕೊಳೆತ ತಗಡನ್ನು ಕುಯ್ದು ತೆಗೆದು ಹೊಸ ತಗಡು ಬೆಸೆಯೋದು. ಎಲ್ಲಿವರೆಗೂ ಕುಯ್ಯಬೇಕು ಅಂತ ನಾವು ಕೇಳಿದಾಗ ಮೇಸ್ತ್ರಿ ಹೇಳಿದ್ದು ಇಷ್ಟೆ: "ಗಟ್ಟಿ ಕಬ್ಬಿಣ ಸಿಗೋವರ್ಗೂ. ಕೊಳೆತಿದ್ದಕ್ಕೆ ಬೆಸುಗೆ ಹಿಡಿಯಲ್ಲ ಕಣ್ರಪ್ಪ."

ಸಮಾಜ ಸುಧಾರಣೆಯ ಎಷ್ಟೋ ಭಾಷಣಗಳನ್ನು ನಾವು ಕೇಳಿದ್ದೇವೆ. ಸಹಪಂಕ್ತಿ ಭೋಜನ ಮಾಡಿಸಿ ಫೋಟೋ ತೆಗೆಸಿಕೊಂಡು, ಮಾರನೆ ದಿನ ಅದೇ ಬೀದಿಯ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡುವುದನ್ನೂ ಕಂಡಿದ್ದೇವೆ. ಅದು ಪುಟ್ಟಿ. ಜಾತಿ ಈ ಸಮಾಜದ ಮೇಲೆ ಕೂತ ಧೂಳಲ್ಲ, ಒರೆಸಿದರೆ ಹೋಗುವುದಕ್ಕೆ. ಈ ಗಾಡಿಯಲ್ಲಿ ಹೇಗೋ ಇಲ್ಲಿಯೂ ಹಾಗೆ, ಮೈಯೇ ಬೆನ್ನೆಲುಬು. ಕುಯ್ಯದೆ ರಿಪೇರಿ ಇಲ್ಲ.

ಈಗ 'ಮೂಲ' ಎಂಬ ಮಾತಿಗೆ ಬರೋಣ. ಹಳೆ ಕಾರಿನ ಪ್ರೇಮಿಗಳಿಗೆ ಮೂಲ ಅನ್ನುವುದು ವೇದವಾಕ್ಯ. ಮೂಲ ಬಣ್ಣ, ಮೂಲ ಬೋಲ್ಟು, ಮೂಲ ಗಾಜು. ಸರ್ಕಾರವೂ ಇದನ್ನು ಒಪ್ಪಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಗಾಡಿ 'ವಿಂಟೇಜ್'. ಅದಕ್ಕೆ 'ವಿಎ' ಅಕ್ಷರದ ಬೇರೆ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲು ಹಾಕಿಸುವುದಕ್ಕೆ ರಸ್ತೆಗೆ ಇಳಿಸಬಹುದು. ದಿನನಿತ್ಯದ ಓಡಾಟಕ್ಕೆ ಇಲ್ಲ. ಐವತ್ತು ತುಂಬಿದ ಕಬ್ಬಿಣಕ್ಕೆ ಒಂದು ಮರ್ಯಾದೆ ಇದು. ಐವತ್ತು ತುಂಬಿದ ಕೂಲಿಯವನಿಗೆ ಇಂಥ ಮರ್ಯಾದೆ ಯಾರು ಕೊಟ್ಟರು ಅಂತ ನಮ್ಮ ಗೆಳೆಯನೊಬ್ಬ ಕೇಳಿದ. ತಮಾಷೆಗೆ ಕೇಳಿದ್ದಲ್ಲ. ಈ ಗಾಡಿ ಕಾರ್ಖಾನೆಯಿಂದ ಹೊರಬಿದ್ದ 1968ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಜೀತ ನಿಷೇಧದ ಕಾನೂನು ಬಂದಿರಲಿಲ್ಲ. ಅದು ಬಂದದ್ದು 1976ರಲ್ಲಿ. ಗಾಡಿಗಿಂತ ಕಿರಿಯದು ನಮ್ಮ ಬಿಡುಗಡೆ.

ಈ ಮೂಲದ ಒಳಗೆ ಏನೇನಿತ್ತು ಅಂತ ಬಿಚ್ಚಿ ನೋಡಬೇಕು. ಹಳೆಯ ಬ್ರೇಕಿನ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಳಸುತ್ತಿದ್ದರು. ಬ್ರೇಕು ಸವೆದಂತೆ ಅದು ಪುಡಿಯಾಗಿ ಡ್ರಮ್ಮಿನೊಳಗೆ ಕೂರುತ್ತಿತ್ತು. ಗ್ಯಾರೇಜಿನ ಹುಡುಗರು ಡ್ರಮ್ಮು ಬಿಚ್ಚಿ ಗಾಳಿ ಹೊಡೆದೋ ಬಾಯಲ್ಲಿ ಊದಿಯೋ ಆ ಪುಡಿ ತೆಗೆಯುತ್ತಿದ್ದರು. ಆ ಪುಡಿ ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ, ಎಷ್ಟೋ ವರ್ಷದ ಮೇಲೆ ಕ್ಯಾನ್ಸರಾಗಿ ಏಳಬಹುದು. ಗಾಡಿಯ ಮೂಲ ಅನ್ನುವುದು ಯಾರದೋ ಎದೆಗೂಡಿನಲ್ಲಿಯೂ ಉಳಿದಿದೆ. ಅದನ್ನು ಯಾವ ಪ್ರದರ್ಶನದಲ್ಲಿ ಇಡುತ್ತಾರೆ?

ಪೆಟ್ರೋಲಿನ ರಬ್ಬರು ಪೈಪೂ ಹಾಗೆಯೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೂ ಎಥನಾಲ್ ಇರುತ್ತದೆ. ಹಳೆಯ ರಬ್ಬರು ಅದಕ್ಕೆ ತಡೆಯದೆ ಉಬ್ಬುತ್ತದೆ, ಬಿರಿಯುತ್ತದೆ. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಮೂಲವನ್ನು ಪೂಜಿಸಿದವನ ಮನೆ ಮೂಲದಿಂದಲೇ ಸುಡುತ್ತದೆ. ಮೇಸ್ತ್ರಿ ಕಲ್ನಾರಿಲ್ಲದ ಲೈನರು ತಂದರು, ಹೊಸ ಪೈಪು ಹಾಕಿದರು. ಡ್ಯಾಶ್‌ಬೋರ್ಡಿನ ಮೀಟರು, ಗೇರಿನ ಕೋಲು, ಕಾರ್ಬ್ಯುರೇಟರು ಹಾಗೇ ಉಳಿದವು. ಯಾಕೆಂದರೆ ಅವು ಇನ್ನೂ ಕೆಲಸ ಮಾಡುತ್ತವೆ, ಯಾರಿಗೂ ಕೇಡು ಮಾಡುವುದಿಲ್ಲ. ಉಳಿಸುವುದಕ್ಕೆ ಇದಕ್ಕಿಂತ ದೊಡ್ಡ ಸಿದ್ಧಾಂತ ನಮಗೆ ಕಾಣದು. ಹಳೆಯದಾಗಿರುವುದೇ ಉಳಿಯುವ ಅರ್ಹತೆಯಲ್ಲ. ಅದು ಈವತ್ತಿನ ರಸ್ತೆಯಲ್ಲಿ ಯಾರನ್ನು ಕೊಲ್ಲದೆ ಓಡಬಲ್ಲದು ಅನ್ನುವುದು ಅರ್ಹತೆ.

ಗ್ರೀಕರ ತತ್ವಶಾಸ್ತ್ರದಲ್ಲಿ ಒಂದು ಹಳೆಯ ಪ್ರಶ್ನೆ ಇದೆ. ಥೀಸಿಯಸ್ ಎಂಬ ವೀರನ ಹಡಗಿನ ಹಲಗೆಗಳು ಕೊಳೆತಂತೆಲ್ಲ ಒಂದೊಂದಾಗಿ ಬದಲಿಸುತ್ತ ಹೋದರೆ, ಕಡೆಗೆ ಉಳಿಯುವುದು ಅದೇ ಹಡಗೋ ಬೇರೆಯದೋ? ಕಾಲೇಜಿನಲ್ಲಿ ನಾವು ಇದನ್ನು ಓದಿದ್ದು ಪರೀಕ್ಷೆಗೆ. ಚಪ್ಪರದಡಿ ಕೂತಾಗ ಹೊಳೆದದ್ದು ಬೇರೆ. ಆ ಪ್ರಶ್ನೆಯಲ್ಲಿ ಹಡಗಿದೆ, ಹಲಗೆಯಿದೆ, ಒಡೆಯನ ಹೆಸರೂ ಇದೆ. ಹಲಗೆ ಬದಲಿಸಿದ ಬಡಗಿ ಇಲ್ಲ. ಎಷ್ಟು ಹಲಗೆ ಬದಲಾದರೂ ಹಡಗು ಥೀಸಿಯಸನದೇ. ನಮ್ಮಲ್ಲೂ ಅಷ್ಟೆ. ದೊಡ್ಡ ಮನೆಯ ಕಾರುಗಳನ್ನು ಮೇಸ್ತ್ರಿ ಎಷ್ಟೋ ರಿಪೇರಿ ಮಾಡಿದ್ದಾರೆ. ತಗಡು ಬಡಿದವನು ಒಬ್ಬ, ಎಂಜಿನ್ನು ಕಟ್ಟಿದವನು ಇನ್ನೊಬ್ಬ, ಸೀಟಿಗೆ ಚರ್ಮ ಹೊಲಿದವನು ಮತ್ತೊಬ್ಬ. ಪ್ರದರ್ಶನದ ದಿನ ಗಾಡಿಯ ಮುಂದಿನ ಕಾರ್ಡಿನಲ್ಲಿ ಒಡೆಯನ ಹೆಸರು, 'ಇದನ್ನು ನಾನೇ ಪುನರುಜ್ಜೀವನಗೊಳಿಸಿದೆ' ಅನ್ನುವ ಒಕ್ಕಣೆ. ಚರ್ಮ ಮುಟ್ಟಿದ ಕೈ ಮೈಲಿಗೆ, ಚರ್ಮದ ಸೀಟು ಮಾತ್ರ ಪ್ರತಿಷ್ಠೆ. ಇದಕ್ಕೆ ಯಾವ ತತ್ವಶಾಸ್ತ್ರ ಉತ್ತರ ಕೊಡುತ್ತದೆ?

ತಾನೇ ಕೈ ಮಸಿ ಮಾಡಿಕೊಂಡು ಗಾಡಿಯಡಿ ಮಲಗುವ ಉಳ್ಳವರೂ ಇದ್ದಾರೆ. ಅವರನ್ನು ನಾವು ಹೀಗಳೆಯುವುದಿಲ್ಲ. ಬೋಲ್ಟಿಗೆ ಜಾತಿ ಗೊತ್ತಿಲ್ಲ, ಬಿಗಿ ಗೊತ್ತು. ಗ್ರೀಸು ಎಲ್ಲರ ಉಗುರಿಗೂ ಒಂದೇ ಬಣ್ಣ ಹಚ್ಚುತ್ತದೆ. ಆ ಮಸಿಯನ್ನು ಸಂಜೆ ಸೋಪು ಹಾಕಿ ತೊಳೆದಾಗ, ಜೊತೆಗೆ ಕೆಲಸ ಮಾಡಿದವನ ಹೆಸರನ್ನೂ ತೊಳೆದುಕೊಳ್ಳಬಾರದು ಅಂತ ಅಷ್ಟೇ ನಮ್ಮ ತಕರಾರು.

ಇನ್ನು ಓಡಿಸುವ ಮಾತು. ಗಾಡಿಯಲ್ಲಿ ಕೂರುವುದು, ಗಾಡಿ ಹೊಡೆಯುವುದು ನಮ್ಮ ಚರಿತ್ರೆಯಲ್ಲಿ ಎಂದೂ ಬರಿಯ ಪ್ರಯಾಣವಾಗಿರಲಿಲ್ಲ. 1893ರಲ್ಲಿ ತಿರುವಾಂಕೂರಿನ ವೆಂಗಾನೂರಿನಲ್ಲಿ ಅಯ್ಯನ್ ಕಾಳಿ ಎತ್ತಿನ ಗಾಡಿ ಕೊಂಡು, ತಮ್ಮವರಿಗೆ ನಿಷಿದ್ಧವಾಗಿದ್ದ ರಸ್ತೆಯಲ್ಲಿ ಓಡಿಸಿದರು. ಅದು ಬಂಡಾಯವಾಗಿತ್ತು. 1901ರ ಸುಮಾರಿಗೆ ಹುಡುಗ ಅಂಬೇಡ್ಕರ್ ಗೋರೆಗಾಂವಿನಲ್ಲಿದ್ದ ತಂದೆಯ ಬಳಿಗೆ ಹೊರಟಾಗ, ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಬರಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆಯುತ್ತಾನೆ ಅಂತ ಒಪ್ಪಂದವಾಯಿತು. 1929ರಲ್ಲಿ, ಆಗಲೇ ಬ್ಯಾರಿಸ್ಟರ್ ಆಗಿದ್ದ ಅವರು ಚಾಳೀಸ್‌ಗಾಂವಿಗೆ ಹೋದಾಗ ಟಾಂಗಾದವರು ಅವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಸಿಕ್ಕಿತು, ಹೊಡೆಯುವವನು ಸಿಗಲಿಲ್ಲ. ಅಭ್ಯಾಸವಿಲ್ಲದ ತಮ್ಮವನೊಬ್ಬ ಲಗಾಮು ಹಿಡಿದ. ಸೇತುವೆಯ ಬಳಿ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಇದನ್ನೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟಿದ್ದಾರೆ. ಲಗಾಮು ಹಿಡಿಯಲು ಕಲಿಯಗೊಡದ ಸಮಾಜ, ಲಗಾಮು ತಪ್ಪಿದಾಗ ಬಿದ್ದದ್ದು ಯಾರು ಅಂತಲೂ ಕೇಳಲಿಲ್ಲ.

ನಮ್ಮ ಫಿಯೆಟ್ಟು ಓಡಿದ ಮೊದಲ ಭಾನುವಾರ ಮೇಸ್ತ್ರಿ ತಾವು ಹುಟ್ಟಿದ ಹಳ್ಳಿಗೆ ಹೊರಟರು. ಅವರ ತಾಯಿ, ಊರ ಮುಂದಿನ ಹುಣಸೆ ಮರದ ಹತ್ತಿರ ನಿಲ್ಲಿಸು, ಅಲ್ಲಿಂದ ನಡೆದು ಹೋಗೋಣ ಅಂದರು. ಚಪ್ಪಲಿ ಕೈಯಲ್ಲಿ ಹಿಡಿದು ಆ ಬೀದಿ ದಾಟಿದ ಕಾಲ ಅವರದು. ಮೇಸ್ತ್ರಿ ನಿಲ್ಲಿಸಲಿಲ್ಲ. ಹಾರನ್ನೂ ಹೊಡೆಯಲಿಲ್ಲ. ಎರಡನೆ ಗೇರಿನಲ್ಲಿ ಮೆಲ್ಲಗೆ ಊರೊಳಗಿನ ಬೀದಿಯಲ್ಲಿ ಹೋದರು. ಕಟ್ಟೆಯ ಮೇಲಿದ್ದ ಒಬ್ಬ ಹಿರಿಯರು ಗಾಡಿಯನ್ನು ಮೆಚ್ಚಿಕೊಂಡೇ ಕೇಳಿದರು: "ಯಾರ ಹತ್ರ ಡ್ರೈವರ್ ಆಗಿದೀಯೋ?"

"ಗಾಡಿ ನಂದೇ. ಡ್ರೈವರೂ ನಾನೇ."

ಹಿರಿಯರಿಗೆ ಮಾತು ಹೊರಡಲಿಲ್ಲ. ಕೇಳಿದವರು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಸ್ಟೀರಿಂಗಿನ ಮೇಲೆ ನಮ್ಮ ಕೈ ಕಂಡರೆ ಅದು ಸಂಬಳದ ಕೈಯೇ ಅಂತ ಅವರ ಕಣ್ಣಿಗೆ ಅಭ್ಯಾಸವಾಗಿದೆ. ಕಾನೂನು ಪುಸ್ತಕದಲ್ಲಿ ಬದಲಾದದ್ದು ಕಣ್ಣಿನಲ್ಲಿ ಬದಲಾಗಿಲ್ಲ. ಆ ಕಣ್ಣು ಕೂಡ ರಿಪೇರಿಗೆ ಬಂದಿರುವ ಒಂದು ಭಾಗ.

ನಮ್ಮವರೇ ಕೆಲವರು ಕೇಳುತ್ತಾರೆ: ಇದೂ ಉಳ್ಳವರ ಅನುಕರಣೆ ತಾನೆ? ಆ ದುಡ್ಡಿನಲ್ಲಿ ಎರಡು ಮಕ್ಕಳ ಫೀಸು ಕಟ್ಟಬಹುದಿತ್ತಲ್ಲ? ಹೊಗೆ ಉಗುಳುವ ಹಳೆ ಎಂಜಿನ್ನು ಯಾರಿಗೆ ಬೇಕು? ಈ ಪ್ರಶ್ನೆಗಳನ್ನು ನಾವು ತಳ್ಳಿಹಾಕುವುದಿಲ್ಲ. ಹೊಗೆ ನಿಜ, ಅದಕ್ಕೇ ಆ ಗಾಡಿ ದಿನಾ ಓಡುವುದಿಲ್ಲ. ದುಡ್ಡೂ ನಿಜ. ಆದರೆ ಬಡವನಿಗೆ ಅನ್ನ ಮಾತ್ರ ಸಾಕು, ಚೆಂದ ಬೇಡ, ಕುಶಾಲು ಬೇಡ ಅನ್ನುವ ಲೆಕ್ಕ ನಮ್ಮದಲ್ಲ, ಧಣಿಗಳದು. ಜೀವಮಾನವೆಲ್ಲ ಬೇರೆಯವರ ಗಾಡಿ ರಿಪೇರಿ ಮಾಡಿದ ಕೈಗೆ ತನಗಾಗಿ ಒಂದು ಗಾಡಿ ಕಟ್ಟಬೇಕು ಅನ್ನಿಸಿದರೆ ಅದು ದುಂದುಗಾರಿಕೆಯಲ್ಲ. ಆ ಚಪ್ಪರದಡಿ ಇಬ್ಬರು ಹುಡುಗರು ಬೆಸುಗೆ ಕಲಿತರು, ಒಬ್ಬಳು ಹುಡುಗಿ ಡ್ರೈವಿಂಗ್ ಕಲಿತಳು. ಇದೂ ಒಂದು ಫೀಸೇ.

ಹಳ್ಳಿಯ ಮೇಷ್ಟ್ರುಗಳೆ, ವಿದ್ಯಾರ್ಥಿ ಗೆಳೆಯರೆ, ಹಳೆಯದನ್ನು ಉಳಿಸೋಣ ಅಂತ ಯಾರಾದರೂ ನಿಮ್ಮ ಬಳಿ ಬಂದರೆ, ಅದು ಕಾರಾಗಲಿ, ಗುಡಿಯಾಗಲಿ, ಆಚಾರವಾಗಲಿ, ಬೇಡ ಅನ್ನಬೇಡಿ. ಬಗ್ಗಿ ಅಡಿಯಲ್ಲಿ ನೋಡಿ. ಎಲ್ಲಿ ಗಟ್ಟಿ, ಎಲ್ಲಿ ಪುಟ್ಟಿ ಅಂತ ಬೆರಳಿನಿಂದ ತಟ್ಟಿ ನೋಡಿ. ಪುಟ್ಟಿಯ ಸದ್ದೇ ಬೇರೆ. ಇದನ್ನು ಕಟ್ಟಿದವರು ಯಾರು, ಇದರ ಪುಡಿ ಕುಡಿದವರು ಯಾರು, ರಿಪೇರಿಯಾದ ಮೇಲೆ ಮುಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಅಂತ ಕೇಳಿ. ಉತ್ತರ ಸರಿಬಂದರೆ ಪಾನಾ ಹಿಡಿಯಿರಿ. ಬಾರದಿದ್ದರೆ ಮೊದಲು ಕುಯ್ಯುವ ಕೆಲಸ ಬಾಕಿ ಇದೆ ಅಂತ ಹೇಳಿ.