ಹಾಸಿಗೆ, ಕಾಲು ಮತ್ತು ಕುರ್ಚಿ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬುದು ಖರ್ಚುವೆಚ್ಚದ ಬಗ್ಗೆ ಹಿರಿಯರು ಹೇಳಿದ ಗಾದೆ. ಸಾಲ ಮಾಡಿ ತುಪ್ಪ ತಿನ್ನುವವರಿಗೆ ಬೇಕಾದ ಮಾತೇ. ಆದರೆ ನಾವು ಹೆಂಗಸರು ಅದನ್ನು ಅಕ್ಷರಶಃ ಪಾಲಿಸಿಕೊಂಡು ಬಂದಿದ್ದೇವೆ. ಸಿಕ್ಕಿದ ಜಾಗದಲ್ಲಿ, ಸಿಕ್ಕಿದ ಬೆಳಕಿನಲ್ಲಿ ಕೆಲಸ ಮುಗಿಸುವುದೇ ನಮ್ಮ ಜಾಣತನ ಎನಿಸಿಕೊಂಡಿದೆ. ಅಡಿಗೆಕಟ್ಟೆ ಎತ್ತರವಾಯಿತೇ? ತುದಿಗಾಲಲ್ಲಿ ನಿಲ್ಲು. ತಗ್ಗಾಯಿತೇ? ಬಗ್ಗು. ಈಗ ಕಂಪ್ಯೂಟರಿನ ಮುಂದೆಯೂ ಅದೇ ಪಾಠವನ್ನು ಒಪ್ಪಿಸುತ್ತಿದ್ದೇವೆ.

ನಮ್ಮ ಊರುಗಳ ಡಿಟಿಪಿ ಅಂಗಡಿಗೋ ಸಹಕಾರಿ ಬ್ಯಾಂಕಿಗೋ ಹೋಗಿ ನೋಡಿ. ಲೆಡ್ಜರು ಬರೆಯಲೆಂದು ಮಾಡಿಸಿದ ಮರದ ಮೇಜು. ಮದುವೆಮನೆಯಿಂದ ಎದ್ದುಬಂದಂತಿರುವ ಪ್ಲಾಸ್ಟಿಕ್ ಕುರ್ಚಿ. ಅವೆರಡರ ನಡುವೆ ದಿನವಿಡೀ ಒಬ್ಬ ಹುಡುಗಿ. 2020ರಲ್ಲಿ ಕೊರೋನಾದಿಂದಾಗಿ ಕಚೇರಿಯೇ ಮನೆಗೆ ಬಂದಾಗ, ಎಷ್ಟೋ ಮನೆಗಳಲ್ಲಿ ಇದ್ದ ಒಂದೇ ಮೇಜು, ಬಾಗಿಲು ಹಾಕಿಕೊಳ್ಳಬಹುದಾದ ಒಂದೇ ಕೋಣೆ ಗಂಡಸರ ಪಾಲಾಯಿತು. ಹೆಂಗಸರ ಲ್ಯಾಪ್‌ಟಾಪು ಊಟದ ಮೇಜಿಗೋ ಮಂಚದ ಅಂಚಿಗೋ ಬಂತು. ಸಂಜೆಯ ಹೊತ್ತಿಗೆ ಕತ್ತು ಬಿಗಿ, ಭುಜ ಭಾರ, ಬೆರಳಲ್ಲಿ ಜೋಮು. ಕೇಳಿದರೆ, 'ಏನೋ ಸ್ವಲ್ಪ ನೋವು, ಅಭ್ಯಾಸವಾಗತ್ತೆ ಬಿಡಿ' ಎಂಬ ಉತ್ತರ.

ಈ 'ಅಭ್ಯಾಸವಾಗತ್ತೆ' ಎಂಬ ಮಾತನ್ನು ಸ್ವಲ್ಪ ವಿಚಾರಿಸಬೇಕು. ನೋವನ್ನು ನುಂಗಿಕೊಳ್ಳುವುದು ಯಾವಾಗ ಗುಣ, ಯಾವಾಗ ಬರೀ ರೂಢಿ?

ಇದು ಕಂಪ್ಯೂಟರಿನ ಜೊತೆ ಹುಟ್ಟಿದ ಪ್ರಶ್ನೆಯಲ್ಲ. ಇಟಲಿಯಲ್ಲಿ ಬೆರ್ನಾರ್ದಿನೋ ರಮಾತ್ಸಿನಿ ಎಂಬ ವೈದ್ಯನಿದ್ದ. ರೋಗಿಯನ್ನು ಕಂಡಾಗ 'ನಿನ್ನ ಕಸುಬೇನು?' ಎಂದೂ ಕೇಳಬೇಕು ಎಂದು ವೈದ್ಯರಿಗೆ ಹೇಳಿಕೊಟ್ಟವನು. ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ 1700ರಲ್ಲಿ ಪುಸ್ತಕ ಬರೆದು, 1713ರಲ್ಲಿ ಅದನ್ನು ವಿಸ್ತರಿಸಿದ. ಗುಮಾಸ್ತರ ಕಾಯಿಲೆಗೆ ಅವನು ಕೊಟ್ಟ ಕಾರಣಗಳು ಮೂರು: ಸದಾ ಕೂತಿರುವುದು, ಕೈ ಒಂದೇ ರೀತಿಯಲ್ಲಿ ಎಡೆಬಿಡದೆ ಆಡುವುದು, ತಪ್ಪಾದೀತೆಂಬ ಮನಸ್ಸಿನ ಬಿಗಿತ. ನಮ್ಮ ಡಿಟಿಪಿ ಹುಡುಗಿಯ ಪಾಡನ್ನು ಮುನ್ನೂರು ವರ್ಷ ಮೊದಲೇ ನೋಡಿ ಬರೆದಂತಿದೆ. ಅವನ ಪರಿಚಯದ ಒಬ್ಬ ಪತ್ರಬರಹಗಾರನಿಗೆ ಬರೆದೂ ಬರೆದೂ ಬಲಗೈ ಬಿದ್ದುಹೋಯಿತಂತೆ. ಪಾಪ, ಎಡಗೈಯಲ್ಲಿ ಬರೆಯುವುದನ್ನು ಕಲಿತ. ಸ್ವಲ್ಪ ಕಾಲದಲ್ಲೇ ಎಡಗೈಗೂ ಅದೇ ರೋಗ ಬಂತು. ಹೊಂದಿಕೊಂಡು ಹೋಗುವುದರ ಕಥೆ ಇದಕ್ಕಿಂತ ಸ್ಪಷ್ಟವಾಗಿ ಸಿಕ್ಕಲಾರದು. ಕೆಲಸದ ರೀತಿ ಬದಲಾಗದೆ ಕೈ ಮಾತ್ರ ಬದಲಾದರೆ ನೋವು ಕೈ ಬದಲಿಸುತ್ತದೆ, ಅಷ್ಟೆ.

ಹಾಗಾದರೆ ಬದಲಾಯಿಸಬೇಕಾದದ್ದೇನು? ಬರೆಯುವ ಮೇಜು ಸಾಮಾನ್ಯವಾಗಿ 75 ಸೆಂಟಿಮೀಟರಿನ ಆಸುಪಾಸು ಎತ್ತರವಿರುತ್ತದೆ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಐದು ಅಡಿಯ ಆಸುಪಾಸು. ಆ ಮೇಜಿನ ಮೇಲಿನ ಕೀಬೋರ್ಡಿಗೆ ಕೈ ಎತ್ತಬೇಕಾದರೆ ಭುಜಗಳು ಕಿವಿಯ ಕಡೆಗೆ ಏರುತ್ತವೆ, ಇಡೀ ದಿನ ಹಾಗೇ ಏರಿರುತ್ತವೆ. ಹಿಂದಿನ ಟೈಪಿಂಗ್ ಮೇಜುಗಳು ಬರೆಯುವ ಮೇಜಿಗಿಂತ ತಗ್ಗಾಗಿರುತ್ತಿದ್ದದ್ದು ಸುಮ್ಮನೆ ಅಲ್ಲ. ಟೈಪ್‌ರೈಟರ್ ಹೋಗುವಾಗ ತನ್ನ ಮೇಜನ್ನೂ ಆ ತಿಳಿವಳಿಕೆಯನ್ನೂ ಜೊತೆಗೇ ತೆಗೆದುಕೊಂಡು ಹೋಯಿತು.

ಮೇಜನ್ನು ಕೊಯ್ಯಲಾಗದಿದ್ದರೆ ಕೂರುವ ಜಾಗವನ್ನು ಎತ್ತರಿಸಬಹುದು. ಮೊಣಕೈ ಮೈಗೆ ಹತ್ತಿರವಿದ್ದು, ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಿಸಿದಾಗ ಬೆರಳು ಕೀಲಿಗಳ ಮೇಲೆ ಬರಬೇಕು. ಮಣಿಕಟ್ಟು ಮೇಲಕ್ಕಾಗಲಿ ಕೆಳಕ್ಕಾಗಲಿ ಸೊಟ್ಟಗಾಗಬಾರದು. ಅಷ್ಟು ಎತ್ತರಿಸಿದಾಗ ಕಾಲು ನೇತಾಡಿದರೆ ಅದರಡಿಗೆ ಊಟದ ಮಣೆ ಇಡಿ. ಸೊಂಟದ ಹಿಂದೆ ಮಡಿಸಿದ ಟವೆಲು ಸಾಕು. ಪರದೆ ಒಂದು ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ಎರಡು ಬಗೆಯ ಗಾಜಿನ ಕನ್ನಡಕದವರಿಗೆ ಇನ್ನಷ್ಟು ಕೆಳಗೆ. ಕಿಟಕಿ ಪಕ್ಕಕ್ಕಿರಲಿ. ಬೆನ್ನಿಗಿದ್ದರೆ ಬೆಳಕು ಪರದೆಯ ಮೇಲೆ ಹೊಳೆಯುತ್ತದೆ, ಎದುರಿಗಿದ್ದರೆ ಕಣ್ಣಿಗೇ ಹೊಡೆಯುತ್ತದೆ. ಲ್ಯಾಪ್‌ಟಾಪಿನದು ಇನ್ನೊಂದು ತಂಟೆ. ಪರದೆಯೂ ಕೀಲಿಗಳೂ ಅಂಟಿಕೊಂಡಿರುವುದರಿಂದ ಕತ್ತಿಗೆ ಸರಿಯಾದರೆ ಕೈಗೆ ಸರಿಯಾಗದು. ಬೇರೆ ಕೀಬೋರ್ಡು, ಮೌಸು ತಂದು, ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲೇರಿಸಬೇಕು. ಕಾಲಿನಡಿಗೆ ಪುಸ್ತಕ ಇಡಲು ನಮ್ಮ ಮನಸ್ಸು ಒಪ್ಪುವುದಿಲ್ಲ, ಪರದೆಯಡಿಗೆ ಇಟ್ಟರೆ ಸರಸ್ವತಿ ಕೋಪಿಸಿಕೊಳ್ಳಲಾರಳು. ಇಷ್ಟೆಲ್ಲ ಸರಿಮಾಡಿಕೊಂಡರೂ ಅಲ್ಲಾಡದೆ ಕೂತರೆ ಫಲವಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ಆಗಾಗ ಕಣ್ಣನ್ನು ದೂರದ ಮರದ ಕಡೆಗೆ ಹೊರಳಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಮುಲಾಮು ಹಚ್ಚಿಕೊಂಡು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

'ನಮ್ಮಜ್ಜಿ ಒರಳಲ್ಲಿ ರುಬ್ಬಿ, ಬಾವಿಯಿಂದ ನೀರು ಸೇದಿ ತೊಂಬತ್ತು ವರ್ಷ ಬಾಳಲಿಲ್ಲವೇ? ಇದೇನು ಈಗಿನವರ ನಾಜೂಕು?' ಎಂದು ಕೇಳುವವರಿದ್ದಾರೆ. ಅಜ್ಜಿ ರುಬ್ಬಿದರು, ಸೇದಿದರು, ಗುಡಿಸಿದರು. ಗಂಟೆಗೊಂದು ಕೆಲಸ, ಕೆಲಸಕ್ಕೊಂದು ಅಂಗ. ಎಂಟು ಗಂಟೆ ಬೆರಳ ತುದಿಯಲ್ಲೇ ಬದುಕಲಿಲ್ಲ. ಮತ್ತೆ, ಅಜ್ಜಿಗೆ ಸೊಂಟ ನೋಯಲಿಲ್ಲವೆಂದು ಯಾರು ಹೇಳಿದರು? ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

ಸಹನೆಯನ್ನು ನಾನು ಹಗುರ ಮಾಡುತ್ತಿಲ್ಲ. ಜ್ವರದ ಮಗುವನ್ನು ರಾತ್ರಿಯೆಲ್ಲ ಹೆಗಲಲ್ಲಿ ಹೊತ್ತವಳ ಕೈ ಸೋಲುತ್ತದೆ. ವೀಣೆ ಕಲಿಯುವವಳ ಬೆರಳು ಕೊಯ್ಯುತ್ತದೆ. ಆ ನೋವಿನ ಆಚೆಗೆ ಮಗುವಿದೆ, ರಾಗವಿದೆ. ಕುರ್ಚಿ ಎರಡಂಗುಲ ತಗ್ಗಾಗಿದ್ದರಿಂದ ಬಂದ ಕತ್ತುನೋವಿನ ಆಚೆಗೆ ಏನಿದೆ? ಯಾರೋ ಗಮನಿಸಲಿಲ್ಲ ಎಂಬುದೊಂದೇ. ಅದನ್ನು ಸಹಿಸಿದರೆ ಯಾರಿಗೂ ಪುಣ್ಯ ಬಾರದು. ಆ ಕುರ್ಚಿಗೆ ನಾಳೆ ಬರುವ ಹುಡುಗಿಗೂ 'ಹಿಂದಿನವರು ಏನೂ ಹೇಳಿರಲಿಲ್ಲವಲ್ಲ' ಎಂಬ ಉತ್ತರ ಸಿಗುವಂತೆ ಮಾಡಿ ಹೋದಂತಾಗುತ್ತದೆ.

ಕೇಳಿದವರಿಗೆ ಸಿಕ್ಕಿದ್ದೂ ಉಂಟು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುತ್ತಿದ್ದ ಕೇರಳದ ಹೆಂಗಸರು ಒಟ್ಟಾಗಿ ದನಿಯೆತ್ತಿದರು. 2018ರಲ್ಲಿ ಅಲ್ಲಿನ ಅಂಗಡಿ ಕಾಯಿದೆಗೆ ತಿದ್ದುಪಡಿಯಾಗಿ ಕೂರುವ ಹಕ್ಕು ಬಂತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಅವರು ಕೇಳಿದ್ದು ಸಿಂಹಾಸನವನ್ನಲ್ಲ, ಒಂದು ಸ್ಟೂಲನ್ನು.

ನಮಗಾಗಿ ಕೇಳುವುದನ್ನು ಕಲಿತ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ನಾವು ಮೊಣಕೈಯ ಕೋನ ಸರಿಮಾಡಿಕೊಂಡು ಕೂತಿರುವಾಗ, ಅದೇ ಕೋಣೆಯಲ್ಲಿ ಕೆಲಸದಾಕೆ ಮೋಟು ಪೊರಕೆ ಹಿಡಿದು ಬಗ್ಗಿ ಗುಡಿಸುತ್ತಿರುತ್ತಾಳೆ. ಉದ್ದ ಕೋಲಿನ ಪೊರಕೆಗೆ ಹೆಚ್ಚೇನೂ ಬೆಲೆಯಿಲ್ಲ. ಅವಳಿಗೆ ಯಾವುದು ಅನುಕೂಲವೆಂದು ಅವಳನ್ನೇ ಕೇಳಿ ತರಬಹುದು. ಅಳತೆಯ ಟೇಪನ್ನು ಕೈಗೆತ್ತಿಕೊಂಡವರು ಅದನ್ನು ತಮ್ಮ ಮೇಜಿಗಷ್ಟೇ ಹಿಡಿದು ಸುರುಳಿ ಸುತ್ತಿ ಇಡಬಾರದು.