ಕಾವಲಿನ ಋಣ

ಯಾವಗಲ್ಲಿನ ಎರೆಹೊಲಗಳಲ್ಲಿ ಹಿಂಗಾರಿಯ ಪೈರು ನಿಂತಿರುವ ದಿನಗಳಲ್ಲಿ ಬೆಳಗಿನ ಹೊತ್ತು ಬದುವಿನ ಮೇಲೆ ಒಂದು ಸುತ್ತು ನಡೆದು ಬರುವುದು ನನ್ನ ರೂಢಿ. ಶಾಲೆಯ ಕೆಲಸ ಮುಗಿದ ಮೇಲೆ ಉಳಿದ ಕೆಲಸ ಅದೊಂದೇ. ಕೆಲವು ವರ್ಷಗಳ ಹಿಂದೆ ಹೀಗೆ ಹೋದಾಗ ಪರಿಚಯದ ಗೌಡರೊಬ್ಬರು ತಮ್ಮ ಹೊಲದ ಜವೆ ಗೋಧಿಯ ಎಲೆಯೊಂದನ್ನು ಕಿತ್ತು ನನ್ನ ಕೈಯಲ್ಲಿಟ್ಟರು. ಎಲೆಯ ಮೇಲೆ ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಒಣ ಚುಕ್ಕೆಗಳು. ಬೀಡಿಯ ಕಿಡಿ ಸಿಡಿದು ಸುಟ್ಟಂತೆ ಕಾಣುತ್ತಿದ್ದವು.

"ಭಂಡಾರ ಬಿದ್ದಿತಲ್ಲ, ಗೌಡರೆ!" ಎಂದೆ.

ಗೌಡರು ನಕ್ಕರು. "ಮಾಸ್ತರ್ರ, ಇದು ರೋಗ ಬಂದಿದ್ದಲ್ರಿ, ರೋಗ ನಿಂತಿದ್ದು. ತಿಕ್ಕಿ ನೋಡ್ರಿ."

ತಿಕ್ಕಿ ನೋಡಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಅನಂತರ ಪಕ್ಕದ ಹೊಲದಲ್ಲಿದ್ದ ಬೇರೊಂದು ತಳಿಯ ಎಲೆಯನ್ನು ತಿಕ್ಕಲು ಹೇಳಿದರು. ದೇವರ ಭಂಡಾರದಲ್ಲಿ ಅದ್ದಿ ತೆಗೆದಂತೆ ಬೆರಳು ಪುಡಿಪುಡಿಯಾಯಿತು. ಗೋಧಿಯ ತುಕ್ಕುರೋಗಕ್ಕೆ ನಮ್ಮವರು ಭಂಡಾರವೆಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಆ ಎಲೆಯನ್ನು ಮನೆಗೆ ತಂದು ಪುಸ್ತಕದಲ್ಲಿಟ್ಟೆ; ಅದರ ಬಗೆಗೆ ಸಿಕ್ಕಷ್ಟು ಓದಿದೆ. ತುಕ್ಕಿನ ಶಿಲೀಂಧ್ರವು ಬದುಕಿರುವ ಜೀವಕಣದಿಂದ ಮಾತ್ರ ಅನ್ನವನ್ನು ಹೀರಬಲ್ಲದು. ಸತ್ತದ್ದು ಅದಕ್ಕೆ ಸೇರದು. ಗಾಳಿಯಲ್ಲಿ ಬಂದ ಅದರ ಕಣವೊಂದು ಇಬ್ಬನಿಯಿಂದ ತೊಯ್ದ ಎಲೆಯ ಮೇಲೆ ಮೊಳೆತು ಒಳಹೊಗುತ್ತದೆ. ಎದುರಿಸಬಲ್ಲ ತಳಿಯಾದರೆ ಎಲೆಯ ಜೀವಕಣವು ಒಳಬಂದವನ ಗುರುತು ಹಿಡಿಯುತ್ತದೆ. ಹಿಡಿದೊಡನೆ ಅದು ಮಾಡುವುದೇನು? ತಾನೇ ಸಾಯುತ್ತದೆ. ಸುತ್ತಲಿನ ಕೆಲವು ಕಣಗಳೂ ಅದರೊಡನೆ ಸಾಯುತ್ತವೆ. ಊಟಕ್ಕೆ ಕುಳಿತವನ ಮುಂದಿನ ಎಲೆಯನ್ನೇ ಎಳೆದುಕೊಂಡಂತೆ, ಬಂದ ರೋಗ ಹಸಿದು ಅಲ್ಲಿಯೇ ಮಡಿಯುತ್ತದೆ. ಎಲೆಯ ಮೇಲೆ ಒಂದು ಒಣ ಚುಕ್ಕೆ ಉಳಿಯುತ್ತದೆ, ಪೈರು ಬದುಕುತ್ತದೆ. ಅಮೇರಿಕೆಯ ಸ್ಟೇಕ್‌ಮನ್ ಎಂಬ ವಿಜ್ಞಾನಿ ಇದನ್ನು 1915ರಲ್ಲಿಯೇ ವಿವರಿಸಿದ್ದರು. ಮುಂದೆ ತುಕ್ಕಿನ ಬಗೆಗಳನ್ನು ಬೇರ್ಪಡಿಸಲು ಅವರು ಆಯ್ದುಕೊಂಡ ಹನ್ನೆರಡು ಗೋಧಿಗಳಲ್ಲಿ ಭಾರತದ ಖಪಲಿಯೂ ಒಂದು. ಅದು ನಮ್ಮ ಜವೆ ಗೋಧಿಯ ಕುಲದ್ದೇ. ಹಾಗೆಂದು ಈ ಗೋಧಿ ಎಲ್ಲ ತುಕ್ಕನ್ನೂ ಗೆದ್ದಿದೆಯೆಂದಲ್ಲ. ತುಕ್ಕೂ ವೇಷ ಬದಲಿಸುತ್ತದೆ, ಗುರುತು ತಪ್ಪಿಸುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿತು. ಬಯಲುಸೀಮೆಯ ಬೇಸಿಗೆಯ ಬಿಸಿಲಿಗೆ ಈ ತುಕ್ಕು ಬದುಕುವುದಿಲ್ಲ. ಆಗ್ರಾದಲ್ಲಿದ್ದ ಕೆ. ಸಿ. ಮೆಹತಾ ಎಂಬವರು ಅನೇಕ ವರ್ಷ ದುಡಿದು ತೋರಿಸಿಕೊಟ್ಟದ್ದು ಇದು: ರೋಗ ಬೇಸಿಗೆಯನ್ನು ಬೆಟ್ಟಗಳ ತಂಪಿನಲ್ಲಿ ಕಳೆದು, ಪ್ರತಿವರ್ಷವೂ ಅಲ್ಲಿಂದ ಗಾಳಿಯ ಬೆನ್ನೇರಿ ಬಯಲಿಗೆ ಇಳಿಯುತ್ತದೆ. ಬಂದದ್ದು ಒಂದು ಹೊಲದಲ್ಲಿ ನೆಲೆಸಿ, ಮೈದುಂಬಿ, ಮುಂದಿನ ಹೊಲಕ್ಕೆ ಹಾರುತ್ತದೆ. ಅಂದಮೇಲೆ ಗೌಡರ ಹೊಲದ ಒಣ ಚುಕ್ಕೆ ಗೌಡರ ಹೊಲವನ್ನಷ್ಟೇ ಕಾಯಲಿಲ್ಲ. ಅಲ್ಲಿ ಮಡಿದ ತುಕ್ಕು ಬದುವಿನಾಚೆಗೆ ಹಾರಲಿಲ್ಲ. ಹೊಲಕ್ಕೆ ಬದುವುಂಟು, ಗಾಳಿಗಿಲ್ಲ.

ಪ್ರಾಣಿಗಳ ಕಾವಲು ಬೇರೆ ಬಗೆಯದು. ಗಿಡದಲ್ಲಿ ತಿರುಗಾಡುವ ಕಾವಲುಗಾರರಿಲ್ಲ. ಪ್ರತಿಯೊಂದು ಕಣವೂ ತನ್ನ ಬಾಗಿಲನ್ನು ತಾನೇ ಕಾಯಬೇಕು. ನಮ್ಮ ನೆತ್ತರಿನಲ್ಲಿಯಾದರೋ ಅದಕ್ಕೆಂದೇ ಇರುವ ಬಿಳಿಯ ಕಣಗಳು ಹಗಲಿರುಳು ಗಸ್ತು ತಿರುಗುತ್ತವೆ. 1882ರಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಗೆ ಮುಳ್ಳು ಚುಚ್ಚಿ, ಇಂಥ ಕಣಗಳು ಮುಳ್ಳನ್ನು ಮುತ್ತುವುದನ್ನು ಕಣ್ಣಾರೆ ಕಂಡರು. ನಮ್ಮಂಥ ಪ್ರಾಣಿಗಳಲ್ಲಿ ಇದರ ಮೇಲೆ ಇನ್ನೊಂದು ಶಕ್ತಿಯುಂಟು, ನೆನಪು. ಒಮ್ಮೆ ಕಂಡ ವೈರಿಯನ್ನು ಕೆಲವು ಕಣಗಳು ವರ್ಷಗಟ್ಟಲೆ ನೆನಪಿಡುತ್ತವೆ. ಮತ್ತೆ ಬಂದರೆ ಬಾಗಿಲಲ್ಲೇ ತಡೆಯುತ್ತವೆ. ದೇವಿ ಹಾಕಿಸುವುದೆಂದರೆ, ರೋಗವಿಲ್ಲದೆಯೇ ರೋಗದ ನೆನಪನ್ನು ಮೈಗೆ ಕಲಿಸುವುದು.

ಇಂಥ ಬಲಕ್ಕೆ ಅಂಕೆಯೂ ಬೇಕು. ಎದೆಯೆಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ಈ ಕಾವಲುಗಾರರಲ್ಲಿ ಒಂದು ಪಂಗಡಕ್ಕೆ ಅದೇ ಗರಡಿ. ತನ್ನವರನ್ನೇ ವೈರಿಯೆಂದು ಹಿಡಿಯುವ ಕಣಗಳನ್ನು ಬಹುಮಟ್ಟಿಗೆ ಅಲ್ಲಿಯೇ ಅಳಿಸಿಹಾಕಲಾಗುತ್ತದೆ. ತಪ್ಪಿಸಿಕೊಂಡ ಕೆಲವು ಮುಂದೆ ಕೀಲುಗಳನ್ನೋ ಬೇರೆ ಅಂಗವನ್ನೋ ಹಿಡಿದು ಕಾಡಿಸುವುದುಂಟು. ಆದುದರಿಂದ ಮೈಯ ಕಾವಲೆಂದರೆ ಹೊಡೆಯುವ ಶಕ್ತಿ ಮಾತ್ರವಲ್ಲ. ಯಾರನ್ನು ಹೊಡೆಯಬಾರದೆಂಬ ತಿಳಿವೂ ಹೌದು.

ಇಷ್ಟನ್ನು ಓದಿದವನಿಗೆ ನೀತಿಯನ್ನು ಹೇಳುವ ಚಪಲ ಬರುತ್ತದೆ. ಶಾಲಾಮಾಸ್ತರನಿಗಂತೂ ಬಂದೇ ಬರುತ್ತದೆ. "ನೋಡಿರಿ, ಒಂದು ಸಣ್ಣ ಕಣ ಎಲೆಗಾಗಿ ಪ್ರಾಣ ಬಿಡುತ್ತದೆ, ಎಂಥ ತ್ಯಾಗ!" ಎಂದು ಹೇಳಬಯಸಿದೆ. ಆದರೆ ಅದು ತ್ಯಾಗವೆ? ಕಣಕ್ಕೆ ಬೇರೆ ದಾರಿ ಇರಲಿಲ್ಲ. ಬೇಡವೆನ್ನಬಲ್ಲವನು ಕೊಟ್ಟಾಗ ತ್ಯಾಗ. ಬೇಡವೆನ್ನಲಾರದ್ದು ಕೊಟ್ಟರೆ ಅದು ಸ್ವಭಾವ. ಈ ಹೋಲಿಕೆಯಲ್ಲಿ ಅಪಾಯವೂ ಇದೆ. ಸಮಾಜವನ್ನು ಮೈಗೆ ಹೋಲಿಸಿ, ತಮಗೆ ಬೇಡವಾದವರನ್ನು ರೋಗಾಣುಗಳೆಂದು ಕರೆದವರು ಚರಿತ್ರೆಯಲ್ಲಿ ಮಾಡಿದ ಘಾತಗಳನ್ನು ನಾವು ಬಲ್ಲೆವು. ಎಲೆಯಿಂದ ನೀತಿಯನ್ನು ಕಡ ತರಲಾಗದು. ಹೆಚ್ಚೆಂದರೆ, ನಮ್ಮ ಮುಂದಿರುವ ಪ್ರಶ್ನೆಯನ್ನು ಅದು ಸ್ಪಷ್ಟವಾಗಿ ತೋರಿಸೀತು. ನನ್ನ ಮೈಯ ಕಾವಲು ನನ್ನೊಬ್ಬನದೇ ಸ್ವತ್ತೆ? ಅದನ್ನು ಇಟ್ಟುಕೊಳ್ಳುವುದೂ ಬಿಡುವುದೂ ನನ್ನ ಇಷ್ಟವೆ?

ಈ ಪ್ರಶ್ನೆ ನನಗೆ ಬರಿಯ ತರ್ಕವಾಗಿ ಉಳಿಯದಿರಲು ಕಾರಣವಿದೆ. ಹೇಳಲು ನಾಚಿಕೆಯಾಗುತ್ತದೆ; ಆದರೂ ಹೇಳುತ್ತೇನೆ. ನನ್ನ ಮೊಮ್ಮಗನಿಗೆ ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದು ಹಾಕಿಸಬೇಕಾಗಿತ್ತು. ಆಶಾ ಕಾರ್ಯಕರ್ತೆ ಎರಡು ಸಲ ಬಾಗಿಲಿಗೆ ಬಂದು ಹೇಳಿ ಹೋದಳು. ಮನೆಯಲ್ಲಿ ಮದುವೆಯ ಗದ್ದಲ. "ಜ್ವರ ಬಂದು ಹುಡುಗ ಅಳತೊಡಗಿದರೆ ಯಾರು ನೋಡಬೇಕು? ಗಟ್ಟಿಮುಟ್ಟಾಗಿದ್ದಾನೆ, ಮುಂದೆ ನೋಡಿದರಾಯಿತು" ಎಂದವನು ನಾನು. ಸೊಸೆ ಸುಮ್ಮನಾದಳು. ಮದುವೆಯಾಯಿತು, ಜಾತ್ರೆ ಬಂತು, ಸುಗ್ಗಿ ಬಂತು. ಮುಂದೆ ನೋಡುವುದು ಮುಂದಕ್ಕೇ ಹೋಯಿತು.

ಹುಡುಗನಿಗೆ ದಡಾರ ಎದ್ದಿತು. ಹತ್ತು ದಿನ ನರಳಿ ಎದ್ದು ಆಡತೊಡಗಿದ. ಅಷ್ಟರಲ್ಲಿ ಒಂದೇ ಗೋಡೆಯ ಆಚೆ ಮನೆಯ ಏಳು ತಿಂಗಳ ಕೂಸಿಗೆ ಅದೇ ಬೇನೆ ಬಂದು ಫುಪ್ಪುಸಕ್ಕೆ ಇಳಿಯಿತು. ಹನ್ನೆರಡು ದಿನ ಪಟ್ಟಣದ ಆಸ್ಪತ್ರೆಯಲ್ಲಿಟ್ಟರು. ಕೂಸು ಬದುಕಿತು. ಆದರೆ ಮನೆಗೆ ಬಂದಾಗ ಅದರ ಕೈ ಜೋಳದ ದಂಟಿನಷ್ಟಾಗಿತ್ತು, ಅಳಲೂ ತ್ರಾಣವಿರಲಿಲ್ಲ.

ತಾಯಿಯ ನೆತ್ತರಿನಿಂದ ಬಂದ ಕಾವಲು ಕೂಸಿಗೆ ಕೆಲವು ತಿಂಗಳು ಮಾತ್ರ. ಅದು ತೀರುತ್ತ ಬರುವುದಕ್ಕೂ ಒಂಬತ್ತು ತಿಂಗಳ ಚುಚ್ಚುಮದ್ದಿಗೂ ನಡುವೆ ಒಂದು ಬಯಲಿದೆ. ಆ ಬಯಲನ್ನು ಕೂಸು ತಾನೇ ದಾಟಲಾರದು. ಸುತ್ತಲಿನವರ ಮೈಯೇ ಅದಕ್ಕೆ ಬೇಲಿ. ದಡಾರದಂಥ ಬಲು ಅಂಟುಬೇನೆಗೆ ನೂರರಲ್ಲಿ ಸುಮಾರು 95 ಮಂದಿಯ ಮೈಯಲ್ಲಿ ಕಾವಲಿದ್ದರೆ ಮಾತ್ರ ಆ ಬೇಲಿ ನಿಲ್ಲುತ್ತದೆಂದು ಬಲ್ಲವರು ಹೇಳುತ್ತಾರೆ. ನಾನು ಕಿತ್ತದ್ದು ನಮ್ಮ ಮನೆಯ ಗೂಟವೊಂದೇ ಎಂದುಕೊಂಡಿದ್ದೆ, ಬೇಲಿ ನೆರೆಮನೆಯದಾಗಿತ್ತು.

ನಮ್ಮ ಹುಡುಗನಿಂದಲೇ ಹತ್ತಿತೆಂದು ಆಣೆಯಿಟ್ಟು ಹೇಳಲಾರೆ. ಇಬ್ಬರಿಗೂ ಬೇರೆ ಯಾರಿಂದಲೋ ಬಂದಿರಬಹುದು. ಆದರೆ ಈ ವಾದದ ಆಶ್ರಯಕ್ಕೆ ಹೋದಾಗಲೆಲ್ಲ, ಅದನ್ನು ಹೂಡುವ ಹಕ್ಕು ನನಗಿಲ್ಲವೆನ್ನಿಸುತ್ತದೆ. ಕಾವಲಿನ ಪಾಳಿ ತಪ್ಪಿಸಿದವನು "ಕಳ್ಳ ನನ್ನ ಬಾಗಿಲಿನಿಂದಲೇ ಬಂದನೆ?" ಎಂದು ಕೇಳಿದಂತೆ ಅದು.

ನಾನು ಆ ತಾಯಿಯ ಮುಂದೆ ಹೋಗಿ ನನ್ನಿಂದ ತಪ್ಪಾಯಿತೆಂದು ಹೇಳಿದೆ. ಆಕೆ, "ಬಿಡ್ರಿ ಅಜ್ಜಾರ, ಯಾರ ತಪ್ಪೂ ಅಲ್ಲ. ಅಮ್ಮ ಬರ್ತಾಳ, ಹೋಗ್ತಾಳ" ಎಂದಳು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಆಕೆ ದೇವರ ಮೇಲೆ ಹಾಕಿದ ಭಾರವನ್ನು ದೇವರು ಹೊತ್ತಿರಬಹುದು. ನನ್ನ ಹೆಗಲಿನಿಂದ ಮಾತ್ರ ಅದು ಇಳಿಯಲಿಲ್ಲ.

ನನ್ನ ಎಡತೋಳಿನ ಮೇಲೆ ದೇವಿ ಹಾಕಿದ ಗುರುತು ಇಂದಿಗೂ ಇದೆ. ಸಿಡುಬಿನ ಭಯ ನಮ್ಮ ಅಜ್ಜಿಯ ಕಾಲದವರಿಗೆ ಗೊತ್ತು. 1975ರ ಬಳಿಕ ಅದು ಈ ದೇಶದಲ್ಲಿ ಇಲ್ಲ. 1980ರಲ್ಲಿ ಲೋಕದಿಂದಲೇ ಹೋಯಿತೆಂದು ಸಾರಲಾಯಿತು. ಅದಕ್ಕೂ ಹಿಂದೆ, ಪ್ಲೇಗಿನ ದಿನಗಳಲ್ಲಿ, ಹಾಫ್ಕಿನ್ ಎಂಬ ವೈದ್ಯವಿಜ್ಞಾನಿ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತಾನು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಸಾವಿರಾರು ಜನ ಅದಕ್ಕೆ ತೋಳೊಡ್ಡಿದರು. ಆ ಮದ್ದು ಜ್ವರ ತರುತ್ತಿತ್ತು, ತೋಳು ಬಾಯುತ್ತಿತ್ತು. ಅವರಿಗೆ ಸಂಶಯವಿರಲಿಲ್ಲವೆಂದಲ್ಲ, ಸಾವು ಬೀದಿಯಲ್ಲಿ ಕಾಣುತ್ತಿತ್ತು. ನನಗೆ ಅದು ಕಾಣುತ್ತಿರಲಿಲ್ಲ. ಅವರ ತೋಳಿನಿಂದ, ಅವರಂಥ ಕೋಟಿ ತೋಳುಗಳಿಂದ ನನಗೆ ಕಾಣದಾಗಿತ್ತು. ಕಾವಲು ಗಟ್ಟಿಯಿದ್ದ ಊರಿನಲ್ಲಿ ಕಳ್ಳ ಬರುವುದಿಲ್ಲ; ಕಳ್ಳ ಬಾರದ ಊರಿನಲ್ಲಿ ಕಾವಲೇಕೆಂದು ನನ್ನಂಥವನು ಮಲಗುತ್ತಾನೆ.

ಬೇರೆಯವರ ಕೂಸಿಗಾಗಿ ನಮ್ಮ ಕೂಸಿಗೆ ನೋವು ಕೊಡಬೇಕೆ ಎಂದು ಕೇಳುವವರಿದ್ದಾರೆ. ನೋವು ನಮ್ಮ ಕೂಸಿನ ಒಳಿತಿಗೂ ಹೌದೆಂಬುದು ಮೊದಲ ಉತ್ತರ. ಎರಡನೆಯದು ನನ್ನ ಮಟ್ಟಿಗೆ ಇನ್ನೂ ದೊಡ್ಡದು. ನಾವು ಹುಟ್ಟಿದ ಮೊದಲ ತಿಂಗಳುಗಳಲ್ಲಿ ನಮ್ಮನ್ನು ಯಾರು ಯಾರು ಕಾದರೆಂದು ನಾವು ಅರಿಯೆವು. ಅವರಿಗೆ ತೀರಿಸಲಾಗದು, ಮುಂದೆ ಬರುವವರಿಗಷ್ಟೇ ತೀರಿಸಬಹುದು. ಅದು ದಾನವಲ್ಲ, ಋಣ. ಗೋಧಿಯ ಕಣಕ್ಕಿಲ್ಲದ ಒಂದು ಹಿರಿಮೆ ನಮಗಿದೆ. ಅದು ಬೇಡವೆನ್ನಲಾರದು, ನಾವು ಎನ್ನಬಲ್ಲೆವು. ಆ ಸ್ವಾತಂತ್ರ್ಯವನ್ನು ನಾನು ಒಂದು ಮದುವೆಯ ಗದ್ದಲಕ್ಕೆ ಖರ್ಚು ಮಾಡಿದೆ.

ಮೊಮ್ಮಗನಿಗೆ ತಪ್ಪಿದ್ದ ಚುಚ್ಚುಮದ್ದುಗಳನ್ನು ಹಾಕಿಸಲು ನಾನೇ ಕರೆದುಕೊಂಡು ಹೋದೆ. ಅದೇ ಬಾಕಿನ ಮೇಲೆ ನೆರೆಮನೆಯ ತಾಯಿಯೂ ತನ್ನ ಕೂಸನ್ನು ಎತ್ತಿಕೊಂಡು ಕುಳಿತಿದ್ದಳು. ಅದು ಮೈತುಂಬಿಕೊಳ್ಳುತ್ತಿತ್ತು. ಸೂಜಿ ಕಂಡು ಎರಡೂ ಮಕ್ಕಳು ಊರು ಕೇಳುವಂತೆ ಅತ್ತವು. "ಅಳಲಿ ಬಿಡ್ರಿ ಅಜ್ಜಾರ, ದನಿ ಬಂತಲ್ಲ" ಎಂದಳು ಆಕೆ. ನಾನು ಮೊಮ್ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.